ಕುರಿಗಳ ವಿರುದ್ಧ ಹವಾಲ್ದಾರ್ ತಿಪ್ಪೇಸ್ವಾಮಿ

ಹುಳಿಯಾರಿನ ಪಕ್ಕದ ಹಟ್ಟಿಯ ತಿಪ್ಪೇಸ್ವಾಮಿ ಸೈನ್ಯ ಸೇರಿದ್ದು ದೇಶಪ್ರೇಮಕ್ಕಿಂತ ಹೆಚ್ಚಾಗಿ ಕುರಿಗಳ ಕಾಟ ತಾಳಲಾರದೆ. ಕುರಿ ಕಾಯುವ ದೊಣ್ಣೆಯನ್ನು ಅವ್ವ ಕೆಂಚಕ್ಕನ ಕೈಗಿಟ್ಟು, ಇನ್ನೇನಿದ್ದರೂ ಬಂದೂಕೇ ಎಂದು ಹೊರಟವನು. ಹವಾಲ್ದಾರನೂ ಆದ. "ನನ್ ಮಗ ಗಡೀಲವ್ನೆ, ಶತ್ರುಗಳ್ನ ತಡೀತಾವ್ನೆ ಕಣ್ರೀ" ಎಂದು ಪಕ್ಕ ಕೂತವರಿಗೆ ಹೇಳದೆ ಕೆಂಚಕ್ಕ ಯಾವ ಬಸ್ಸಿನಿಂದಲೂ ಇಳಿದವಳಲ್ಲ.

ಅಷ್ಟರಲ್ಲಿ ಸೈನ್ಯದ ಮೇಲಿನವರ ಕಣ್ಣು ಹವಾಮಾನದ ಮೇಲೆ ಬಿತ್ತು. ಮೈ ನಡುಗುವಷ್ಟು ಎಸಿ ಹಾಕಿದ ಸಭಾಂಗಣದಲ್ಲಿ ಸಿಪಾಯಿಗಳನ್ನು ಕೂರಿಸಿ, ಭೂಮಿ ಬಿಸಿಯೇರುತ್ತಿರುವುದರ ಬಗ್ಗೆ ದೊಡ್ಡ ಸಾಹೇಬರು ಭಾಷಣ ಮಾಡಿದರು. ಮಳೆ ಕೈಕೊಡುತ್ತದೆ, ಜನ ಗುಳೆ ಹೊರಡುತ್ತಾರೆ, ನೀರಿಗಾಗಿ ಹೊಡೆದಾಡುತ್ತಾರೆ, ಕೊನೆಗೆ ದೇಶದ ಭದ್ರತೆಗೇ ಸಂಚಕಾರ. ಆದ್ದರಿಂದ ಗಿಡ ನೆಡಬೇಕು. ಉತ್ತರದ ಒಂದು ಬೋಳುಗುಡ್ಡದಲ್ಲಿ ನೆಟ್ಟರು. ಸುತ್ತಲ ಊರುಗಳ ಕುರಿಗಳು ಬಂದು ಮೇಯ್ದವು. ಕುರಿ ಗೊತ್ತಿರುವವರು ಯಾರಿದ್ದೀರಿ ಎಂದು ಸಾಹೇಬರು ಕೇಳಿದಾಗ ತಿಪ್ಪೇಸ್ವಾಮಿ ಬುದ್ಧಿಯಿಲ್ಲದೆ ಕೈ ಎತ್ತಿದ. ಬಂದೂಕು ಇಸಿದುಕೊಂಡು ದೊಣ್ಣೆ ಕೊಟ್ಟರು.

ಇದು ಊರಿಗೆ ಗೊತ್ತಾದರೆ ಅವ್ವ ತಲೆಯೆತ್ತಿ ತಿರುಗುವ ಹಾಗಿಲ್ಲವೆಂದು ನಾಚಿಕೆಯಿಂದ ಬಾಯಿ ಬಿಡದೆ ಇದ್ದ. ಆದರೆ ರಜೆಗೆ ಬಂದ ಸಂಜೆಯೇ, ಅವ್ವನ ಕುರಿಗಳು ಪಕ್ಕದ ತೋಟದ ತೆಂಗಿನ ಸಸಿಗಳತ್ತ ತಿರುಗಿದ್ದೇ ತಡ, ಚಂಗನೆ ಎದ್ದು "ಹಟೋ! ಹಟೋ!" ಎಂದು ಅರಚುತ್ತ ದೊಣ್ಣೆ ಬೀಸಿ ಅಷ್ಟನ್ನೂ ದೂರ ಅಟ್ಟಿಬಿಟ್ಟ.

ಕೆಂಚಕ್ಕ ಅವನನ್ನೇ ದಿಟ್ಟಿಸಿದಳು. "ಹಿಂದೀಲಿ ಕುರಿ ಬೆದರ್ಸಾದು ಯಾರ್ಲಾ ಕಲಿಸ್ದೋರು ನಿಂಗೆ?"

ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ಗುಡ್ಡ, ಗಿಡ, ದೊಣ್ಣೆ, ಎಲ್ಲವನ್ನೂ ಹೇಳಿದ. "ಗಿಡ ಬೆಳೆದ್ರೆ ಮಳೆ ಬತ್ತದೆ ಕಣವ್ವ, ಅದಕ್ಕೇ..."

"ಮಳೆ ಓಡ್ಸಿದ್ದು ಕುರೀನಾ?"

ಸಾಹೇಬರ ಹಿಂದೆ ಹೊಗೆಯುಗುಳುತ್ತ ಬರುವ ಜೀಪುಗಳ ಸಾಲು ತಿಪ್ಪೇಸ್ವಾಮಿಯ ಕಣ್ಣಮುಂದೆ ಹಾದುಹೋಯಿತು.

"ಹೋಗ್ಲಿ, ಆ ಕುರಿಯೋರು ಇನ್ನೆಲ್ಲಿ ಮೇಯಿಸ್ಬೇಕಂತೆ?"

"ಅದು ನಮ್ ಆರ್ಡರ್‌ನಲ್ಲಿ ಇಲ್ಲ ಕಣವ್ವ."

"ಅಲ್ಲಿ ಹೆಂಗಸ್ರು ನಿಂಗೆ ಬೈಯಲ್ವೇನ್ಲಾ?"

"ಬೈತಾರೆ. ಅವರ ಭಾಸೆ ಪೂರ್ತಿ ತಿಳಿಯಲ್ಲ."

"ನಂಗ್ ತಿಳೀತದೆ" ಎಂದ ಕೆಂಚಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಂದೂ ಕಾಣದ ಆ ಹೆಂಗಸರೆಲ್ಲರ ಪರವಾಗಿ, ಹಟ್ಟಿಗೆ ಹಟ್ಟಿಯೇ ಕೇಳುವಂತೆ, ಮಗನಿಗೆ ಅಚ್ಚ ಕನ್ನಡದಲ್ಲಿ ಬೈಯತೊಡಗಿದಳು.