ಗಪ್ಪ ಕುಂದರ್ರಿ, ಗಾಡಿ ಮಾತಾಡತೈತಿ

ಗದಿಗೆಪ್ಪ ಕಾಕಾ ಕೈ ಎತ್ತಿದರೆ ನಮ್ಮ ಓಣಿಯೇ ಬಾಯಿ ಮುಚ್ಚಬೇಕಿತ್ತು. ನಾನು ಕಾರಿನ ಕೀಲಿ ತಿರುವುವ ಮೊದಲು ಅವರು ಬಾನೆಟ್ಟಿಗೆ ಕಿವಿಗೊಟ್ಟು, ಒಂದು ಕೈ ಮೇಲೆತ್ತಿ, "ಎಲ್ಲಾರೂ ಗಪ್ಪ ಕುಂದರ್ರಿ, ಗಾಡಿ ಮಾತಾಡತೈತಿ" ಎನ್ನುತ್ತಿದ್ದರು. ಎದುರುಮನೆಯ ನೀಲವ್ವ ಖಾರ ರುಬ್ಬುವ ಮಿಕ್ಸರ್ ಬಂದ್ ಮಾಡಬೇಕು. ಟೀವಿಗಳ ದನಿ ಇಳಿಯಬೇಕು. ಹಿಂದಿನ ಸೀಟಿನಲ್ಲಿ ಕುಳಿತ ಅವ್ವ ಕೆಮ್ಮು ಬಂದರೂ ತಡೆದುಕೊಳ್ಳಬೇಕು. ಇಷ್ಟೆಲ್ಲ ಆದ ಮೇಲೆ ಗಾಡಿ ಹೇಳುತ್ತಿದ್ದುದು ಒಂದೇ ಮಾತು, ಟಕ್. ಆಮೇಲೆ ಅದೂ ಗಪ್ಪು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವ್ವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಸಿರಸಂಗಿಯಿಂದ ಧಾರವಾಡಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಹೊತ್ತು ತಪ್ಪಿದರೆ ಆ ಯಂತ್ರ ಬೇರೆಯವರ ಪಾಲು. ಒಂದು ಪಾಳಿ ತಪ್ಪಿತೆಂದರೆ ಅವ್ವನ ಮುಖ ಬಾತುಕೊಂಡು ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಆ ಹಳೇ ಕಾರು ಕೊಂಡದ್ದೇ ಅದಕ್ಕಾಗಿ. ಅಂಥ ಕಾರು ಒಂದು ದಿನ ಚಾಲೂ ಆಗುತ್ತಿತ್ತು, ಇನ್ನೊಂದು ದಿನ ಇಲ್ಲ. ಹೋಗುವ ದಿನದ ಹಿಂದಿನ ರಾತ್ರಿ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಕಾಕಾ ನಮ್ಮ ಪಕ್ಕದ ಮನೆಯವರು, ನಿವೃತ್ತ ಬಸ್ ಡ್ರೈವರ್. ಖಾಕಿ ಅಂಗಿ ಬಿಟ್ಟಿದ್ದರು, ಡ್ರೈವರನ ಗತ್ತು ಬಿಟ್ಟಿರಲಿಲ್ಲ. ಓಣಿಯಲ್ಲಿ ಕಾರು ನಿಲ್ಲಿಸಿದರೆ ಟ್ರ್ಯಾಕ್ಟರಿಗೆ ದಾರಿ ಇರದ ಕಾರಣ ಅದು ಅವರ ಅಂಗಳದಲ್ಲೇ ನಿಲ್ಲುತ್ತಿತ್ತು. ಬೇಕಾದಾಗ ಸರಿಸಲೆಂದು ಇನ್ನೊಂದು ಕೀಲಿ ಅವರ ಮನೆಯ ಗೂಟದಲ್ಲಿತ್ತು. ಅವ್ವನನ್ನು ಅವರು ತಂಗಿ ಎನ್ನುತ್ತಿದ್ದರು. ರಕ್ತಸಂಬಂಧ ಏನೂ ಇಲ್ಲ. ಆದರೂ ಅವ್ವ ಆಸ್ಪತ್ರೆಯಿಂದ ತಿರುಗಿ ಬರುವವರೆಗೆ ಅವರು ಊಟ ಮಾಡುತ್ತಿರಲಿಲ್ಲ.

ಅವರ ರೋಗಪರೀಕ್ಷೆಯೋ, ದೇವರಿಗೇ ಪ್ರೀತಿ. "ಬ್ಯಾಟರಿ ಸತ್ತೈತಿ, ನಾ ಹೇಳತೇನಿ ಕೇಳ" ಎಂದರು. ಹೊಸ ಬ್ಯಾಟರಿ ಹಾಕಿಸಿದೆ. ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಟಕ್. "ಇಲಿ ವಾಯರ ಕಡದಾವು" ಎಂದರು. ವಾಯರು ಗಟ್ಟಿಯಾಗಿದ್ದವು. "ಪೆಟ್ರೋಲದಾಗ ನೀರ ಐತಿ" ಎಂದು ಟ್ಯಾಂಕು ಖಾಲಿ ಮಾಡಿಸಿದರು. ಒಮ್ಮೆಯೂ ಅನುಮಾನದಿಂದ ಮಾತಾಡಿದವರಲ್ಲ. ಸವದತ್ತಿಯ ಮೆಕ್ಯಾನಿಕ್ ಪ್ರತಿಸಲ ಬ್ಯಾಟರಿಯ ಮೇಲಿನ ಅರಿಷಿಣ ಒರೆಸಿ, ಬೋಲ್ಟು ಬಿಗಿದು ಕಳಿಸುತ್ತಿದ್ದ. ಅರಿಷಿಣದ ಬಗ್ಗೆ ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎಲ್ಲಮ್ಮನ ಗುಡ್ಡದ ಬುಡದಲ್ಲಿ ದೇವಿಯ ಭಂಡಾರದ ಅರಿಷಿಣ ಹತ್ತದ ಗಾಡಿ ಯಾವುದಿದೆ ಹೇಳಿ.

ಒಂದು ದಿನವಂತೂ ಗಾಡಿ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬೇರೆ ಗಾಡಿ ಸಿಗಲಿಲ್ಲ. ಕಾಕಾ ಧೋತರ ಮೇಲಕ್ಕೆ ಕಟ್ಟಿ, ಬರಿಗಾಲಲ್ಲಿ, ಆ ವಯಸ್ಸಿನಲ್ಲಿ ಇಳಿಜಾರಿನವರೆಗೆ ಕಾರು ನೂಕಿದರು. "ಕ್ಲಚ್ ಬಿಡೋ ಈರ್ಯಾ, ಕ್ಲಚ್ ಬಿಡೋ" ಎಂದು ಹಿಂದಿನಿಂದ ಒಂದೇ ಸವನೆ ನನಗೆ ಕೂಗುತ್ತಿದ್ದರು. ಗಾಡಿ ಚಾಲೂ ಆಯಿತು, ಆದರೆ ಧಾರವಾಡ ಮುಟ್ಟುವಷ್ಟರಲ್ಲಿ ಪಾಳಿ ಹೋಗಿತ್ತು. ಆಸ್ಪತ್ರೆಯವರು ಸಂಜೆಯವರೆಗೆ ಕಾಯಿಸಿ, ಆಕ್ಸಿಜನ್ ಹಚ್ಚಿ, ಹೇಗೋ ಅವ್ವನನ್ನು ಉಳಿಸಿದರು.

ಮುಂದಿನ ಅಮಾವಾಸ್ಯೆಯ ದಿನ, ಮರುದಿನದ ಪ್ರಯಾಣದ ಚಿಂತೆಯಲ್ಲಿ, ನಸುಕಿಗೇ ಎದ್ದು ಗಾಡಿ ನೋಡಲು ಹೋದೆ. ಬಾನೆಟ್ ತೆರೆದಿತ್ತು. ಕಾಕಾ ಮಿಂದು ಮಡಿಯುಟ್ಟು, ಸ್ಪ್ಯಾನರಿನಿಂದ ಬ್ಯಾಟರಿಯ ವಾಯರು ಬಿಚ್ಚಿ, ಎಣ್ಣೆಯಲ್ಲಿ ಕಲಸಿದ ಭಂಡಾರವನ್ನು ಅದರ ಎರಡೂ ಕಂಬಗಳಿಗೆ ದಪ್ಪಗೆ ಬಳಿಯುತ್ತಿದ್ದರು. ಬಳಿದು, ವಾಯರನ್ನು ಮೇಲೆ ಸುಮ್ಮನೆ ಕೂರಿಸಿದರು.

"ಏನ ಮಾಡಾಕ ಹತ್ತೀರಿ ಕಾಕಾ?"

"ಅಮಾಸಿ ಪೂಜಾ. ತಂಗಿ ಜೀವ ಈ ಗಾಡಿ ಮ್ಯಾಲ ಐತಿ. ಗಾಡಿ ಜೀವ ಬ್ಯಾಟರ್ಯಾಗ ಐತಿ. ಮತ್ತೆಲ್ಲಿ ಹಚ್ಚಲಿ?"

"ಎಣ್ಣಿ ಅರಿಷಿಣ ಬಡದ್ರ ಕರೆಂಟ ಹೆಂಗ ದಾಟಬೇಕ್ರಿ? ತಿಂಗಳಾನುಗಟ್ಟಲೆ ಇದನ್ನ ಹುಡಕಾಕ ಹತ್ತೇನಿ ನಾ."

"ಇಡೀ ಸರ್ವೀಸ ಬಸ್ಸಿಗೆ ಹಿಂಗ ಹಚ್ಚೇನಿ. ಒಂದ ದಿನಾನೂ ಕೈಕೊಟ್ಟಿಲ್ಲ."

"ಡಿಪೋದಾಗ ಹಿಂದಿಂದ ಒರಸವ್ರು ಇದ್ರು ಕಾಕಾ."

ಅವರು ತಮ್ಮ ಹಳದಿ ಬೆರಳು ನೋಡಿಕೊಂಡರು. ಆಮೇಲೆ ಕೇಳಿದರು, "ಅವತ್ತ ತಂಗಿಗೆ ಉಸರು ಹತ್ತಿದ್ದು... ನನ್ನಿಂದನ?"

ಅವರು ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ನಾನು ಕಂಬಗಳನ್ನು ಒರೆಸಿ ವಾಯರು ಬಿಗಿದೆ.

ಮರುದಿನ ಅವರು ಹೊರಗೆ ಬರಲಿಲ್ಲ. ಅವ್ವನಿಗೆ ಎಲ್ಲವನ್ನೂ ಹೇಳಿದೆ. "ನನ್ನ ಮುಂದ ಹೇಳೀದಿ, ಸಾಕು. ಮಂದಿ ಮುಂದ ಹೇಳಬ್ಯಾಡ" ಎಂದಳು. ಕಾರಿನ ಬಾಗಿಲು ಹಿಡಿದು ನಿಂತಳೇ ಹೊರತು ಹತ್ತಲಿಲ್ಲ. ಹೊತ್ತು ಮೀರುತ್ತಿದೆ, ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅವಳು ಮಾತ್ರ ಅವರ ಬಾಗಿಲ ಕಡೆ ಮುಖ ಮಾಡಿ ಹೇಳಿದಳು, "ಯಣ್ಣಾ, ನೀ ಬಂದು ಕಿವಿ ಕೊಡಲಾರದ ನಾ ಹತ್ತೂದುಲ್ಲ."

ಬಂದರು. ತಲೆ ತಗ್ಗಿಸಿಕೊಂಡೇ ಬಂದು ಕೈ ಎತ್ತಿದರು. ಓಣಿ ಗಪ್ಪಾಯಿತು. ಒಂದೇ ಸಲಕ್ಕೆ ಗಾಡಿ ಚಾಲೂ ಆಯಿತು. ಕಾಕಾನ ಇನ್ನೊಂದು ಕೈಯಲ್ಲಿ ನಿನ್ನೆಯ ಭಂಡಾರದ ಬಟ್ಟಲು ಹಾಗೇ ಇತ್ತು. ಅವ್ವ ಕಿಟಕಿಯಿಂದ ಹಣೆ ಹೊರಗೆ ಚಾಚಿದಳು. "ಇಲ್ಲೆ ಹಚ್ಚು. ಇಲ್ಲಿ ಕರೆಂಟ ಬಂದ್ ಆಗೂದುಲ್ಲ." ಅವರು ಹಚ್ಚಿದರು, ಕಣ್ಣು ಒರೆಸಿಕೊಂಡರು. ಒರೆಸಿಕೊಳ್ಳುವಾಗ ಕಣ್ಣಿಗೂ ಭಂಡಾರ ಹತ್ತಿ, ಬಯ್ಯುತ್ತ ಒಳಗೆ ನೀರಿಗೆ ಓಡಿದರು. ಅಂದಿನಿಂದ ಅದೇ ರೂಢಿಯಾಯಿತು. ಕೈ ಎತ್ತುವುದು, ಗಾಡಿ ಚಾಲೂ ಆಗುವುದು, ಅವ್ವನ ಹಣೆಗೆ ಭಂಡಾರ. "ಈಗ ಸರಿ ಮಾತಾಡತು ನೋಡ" ಎಂದು ತಾವೇ ರಿಪೇರಿ ಮಾಡಿದವರಂತೆ ಗತ್ತಿನಿಂದ ನಿಲ್ಲುತ್ತಿದ್ದರು.

ಈ ಬೇಸಿಗೆಯಲ್ಲಿ, ಮಧ್ಯಾಹ್ನ ಉಂಡು ಮಲಗಿದ ಕಾಕಾ ಏಳಲಿಲ್ಲ. ಅವ್ವನಿಗಿಂತ ಮೊದಲು ಅವರು ಹೋಗುತ್ತಾರೆಂದು ನಾವು ಯಾರೂ ನೆನೆಸಿರಲಿಲ್ಲ. ಮಣ್ಣು ಮಾಡಿ ಬಂದ ಮರುದಿನವೇ ಡಯಾಲಿಸಿಸ್ ಇತ್ತು, ತಪ್ಪಿಸುವಂತಿರಲಿಲ್ಲ.

ಅವರ ಅಂಗಳದಲ್ಲಿ ಅವ್ವನನ್ನು ಕಾರಿಗೆ ಹತ್ತಿಸಿದೆ. ಕೀಲಿಗೆ ಕೈ ಹಾಕಿದೆನೋ ಇಲ್ಲವೋ, ನೀಲವ್ವನ ಮಿಕ್ಸರ್ ನಿಂತಿತು. ಹಿಂದೆಯೇ ಯಾರದೋ ಟೀವಿ ನಿಂತಿತು. ಯಾರೂ ಕೈ ಎತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ಕೀಲಿ ತಿರುವಿದೆ. ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು.

ಅವ್ವ ಕಿಟಕಿಯಿಂದ ಹಣೆ ಹೊರಗೆ ಚಾಚಿಕೊಂಡೇ ಇದ್ದಳು. ನಾನು ಗೇರ್ ಹಾಕಲಿಲ್ಲ.