ಬಳೆ ಏರದ ಕೈ

ಮಾನಮ್ಮನ ಬಾಯಿಗೆ ನಮ್ಮೂರ ಕೂಲಿ ಹೆಂಗಸರೆಲ್ಲ ಹೆದರುತ್ತಿದ್ದೆವು. ಶಹಾಪುರದ ಕಡೆ ಕಾಲುವೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದಾಗಿನಿಂದ ನಾಟಿ ಗುಂಪಿಗೆ ಅವಳೇ ಯಜಮಾನಿ. ನಾಟಿಯಲ್ಲಿ ಹಿಂದೆ ಬಿದ್ದವಳ ಸುತ್ತ ಉಳಿದವರು ಸಸಿ ಹಚ್ಚಿ, ಅವಳನ್ನು ಕೆಸರಿನ ನಡುವೆ ಕಟ್ಟಿಹಾಕುವುದು ನಮ್ಮ ಆಟ. ಸಸಿ ತುಳಿಯದೆ ಹೊರಗೆ ಬರಲು ಅವಳು ಒದ್ದಾಡುವಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಮಾನಮ್ಮ. ಪಕ್ಕದ ಮನೆಯವಳೆಂದು ನನ್ನನ್ನೂ ಬಿಟ್ಟವಳಲ್ಲ, ಪುಣ್ಯಾತಗಿತ್ತಿ!

ಒಂದು ಮಳೆಗಾಲ ಅವಳೇ ಹಿಂದೆ ಬಿದ್ದಳು. ನಾವು ಬಿಡುತ್ತೇವೆಯೇ? ಕಟ್ಟಿದೆವು. ಬೈಯುತ್ತಾಳೆಂದು ಕಾದರೆ, ನಿಂತಲ್ಲೇ ಅತ್ತಳು. ಮರುದಿನದಿಂದ ಹಾಸಿಗೆ ಬಿಟ್ಟು ಏಳಲಿಲ್ಲ. ಊಟ ಬೇಡ, ಮಾತು ಬೇಡ. ಸೆರಗಿನೊಳಗೆ ಕೈ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿ ಮಲಗುವುದೊಂದೇ.

ಮುನಿಸಿಕೊಂಡಿದ್ದಾಳೆ ಎಂದುಕೊಂಡೆವು. ಗಂಡ ಹುಲಗಪ್ಪನ ಲೆಕ್ಕವೇ ಬೇರೆ.

“ಸೊಕ್ಕು ಬಂದದ. ರೊಟ್ಟಿ ಬಡಿಯೂದು ಸೈತ ಬಿಟ್ಟಾಳ. ನಾಟಿ ಮುಗಿಯೂದ್ರಾಗ ಎದ್ರ ಸೈ, ಇಲ್ಲಂದ್ರ ಕೊಡೇಕಲ್ಲಿಗಿ ಒಯ್ದು ತವರಮನ್ಯಾಗ ಬಿಟ್ಟು ಬರ್ತೀನಿ.”

ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ದುಡಿದವಳನ್ನು ಮುರಿದ ಕುಂಟೆಯ ಹಾಗೆ ಎಸೆದು ಬರುತ್ತಾನಂತೆ!

ಮುನಿಸು ತೀರಿಸಲು ಬಳೆ ಇಡಿಸುವುದು ನಮ್ಮ ಗುಂಪಿನ ಪದ್ಧತಿ. ಬಳೆಗಾರ ಲಾಡ್ಲೇಸಾಬನನ್ನು ಅವಳ ಮನೆಗೇ ಕರೆದೊಯ್ದೆವು. ಹಸಿರು ಬಳೆ ಏರಿಸಲು ಅವನು ಬೆರಳು ಒತ್ತಿದ್ದೇ ತಡ, “ಯವ್ವಾ, ಸತ್ತೆ!” ಎಂದು ಕಿರುಚಿದಳು. ಗೆಣ್ಣು ಗೆಣ್ಣೂ ಬಾತು ಕೆಂಪಾಗಿದ್ದವು. ಮುಟ್ಟಿದರೆ ಬಿಸಿ.

“ಯಾವಾಗಿಂದ ಹಿಂಗದ?” ಎಂದೆ.

“ಬ್ಯಾಸಗಿಯಿಂದ. ಹೇಳಿದ್ರ ಗುಂಪಿನಾಗ ಇಟ್ಕೋತಿದ್ರೇನು? ಈಗ ಕೈ ಅಷ್ಟ ಅಲ್ಲ ಸುಂದ್ರಮ್ಮ, ಜೀವಾನ ಬ್ಯಾಡಾಗ್ಯದ.”

ಆ ಮಾತು ಕೇಳಿದ ಮೇಲೆ ನಾನು ತಡಮಾಡಲಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ಅಂದೇ ಯಾದಗಿರಿ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: “ಇದು ಕೀಲುಗಳ ಉರಿಯೂತ. ಇದು ಕೀಲಿನಾಗಷ್ಟೇ ಕುಂದ್ರೂದಿಲ್ಲ, ರಕ್ತದಾಗೂ ಇದರ ಪರಿಣಾಮ ಇರ್ತದ. ಕೆಲವರಿಗೆ ಅದು ಮೆದುಳಿಗೂ ತಾಗಿ ಮನಸ್ಸು ಕುಗ್ಗಸ್ತದ. ಜ್ವರ ಬಂದಾಗ ಯಾರೂ ಬ್ಯಾಡ, ಏನೂ ಬ್ಯಾಡ ಅನಸ್ತದಲ್ಲ, ಹಂಗ. ಅದರ ಮ್ಯಾಲ ನೋವು, ನಿದ್ದಿಗೇಡು ಬ್ಯಾರೆ. ಕೈಗೂ ಮನಸ್ಸಿಗೂ ಎರಡಕ್ಕೂ ಔಷಧ ಕೊಡ್ತೀನಿ.”

“ಹಂಗಾದ್ರ ಸೊಕ್ಕಲ್ಲೇನ್ರಿ?” ಎಂದ ಹುಲಗಪ್ಪ.

“ಸೊಕ್ಕಲ್ಲ, ಬ್ಯಾನಿ ರೀ ಇದು,” ಎಂದರು. ಅವನು ತಲೆ ತಗ್ಗಿಸಿದ.

ಗುಳಿಗೆ ಬೇಗ ಹತ್ತಲಿಲ್ಲ, ತಿಂಗಳುಗಟ್ಟಲೆ ಹಿಡಿಯಿತು. ಮೊದಲು ಬಾವು ಇಳಿಯಿತು, ಆಮೇಲೆ ನಿದ್ದೆ ಬಂತು, ಕಡೆಗೆ ಬೈಗುಳ ಬಂತು. ಹುಲಗಪ್ಪ ರೊಟ್ಟಿ ಬಡಿಯಲು ಕಲಿತ. ಆ ರೊಟ್ಟಿಯ ಚಂದ ದೇವರಿಗೇ ಪ್ರೀತಿ. ಕೊಡೇಕಲ್ಲಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಮರುವರ್ಷ ಮಾನಮ್ಮ ನಾಟಿಗೆ ಬಂದಳು. ಬೆರಳು ಮೊದಲಿನಂತೆ ಓಡಲಿಲ್ಲ, ಹಿಂದೆ ಬಿದ್ದಳು. ನಾವು ಏನೂ ಕಾಣದವರಂತೆ ಅವಳಿಗೆ ದಾರಿ ಬಿಟ್ಟು ಸಸಿ ಹಚ್ಚುತ್ತಾ ಹೋದೆವು. ಅವಳು ಸೊಂಟ ನೆಟ್ಟಗೆ ಮಾಡಿ ನಿಂತು ಕೂಗಿದಳು.

“ಯಾಕ್ರೇ, ದಾರಿ ಯಾಕ ಬಿಟ್ಟೀರಿ? ನಾ ಏನ್ ಸತ್ತೀನೇನು? ಕಟ್ರಿ ನನ್ನ!”

ಕಟ್ಟಿದೆವು. ಸಸಿಗಳ ನಡುವೆ ನಿಂತು, ನಮ್ಮ ಏಳು ತಲೆಮಾರನ್ನೂ ಬೈಯುತ್ತಾ ಮಾನಮ್ಮ ನಕ್ಕಳು. ಈ ಸಲ ಅತ್ತವಳು ನಾನು.