ಯಾರೂ ಸಾಯದ ಪುಸ್ತಕ

ನಮ್ಮ ಅತ್ತೆಯವರ ಎಡಗಾಲಿನ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಆ ಜಾಗ ನುಣ್ಣಗೆ, ಹುಣಸೆಬೀಜದಂತೆ ಮಿರುಗುತ್ತಿತ್ತು. ಓಣಿಯ ಮಕ್ಕಳು ಕೇಳಿದಾಗಲೆಲ್ಲ ಅದಕ್ಕೊಂದು ಹೊಸ ಕಾರಣ ಹೇಳುತ್ತಿದ್ದರು. ಒಮ್ಮೆ ಧುಪದಾಳದ ಒಡ್ಡಿನ ಆಮೆ ಕಚ್ಚಿಕೊಂಡು ಹೋಗಿತ್ತು. ಒಮ್ಮೆ ಗೋಕಾಕದ ಫಾಲ್ಸಿನ ಸೆಳವು ಒಯ್ದಿತ್ತು. ಇನ್ನೊಮ್ಮೆ ಸಂಕೇಶ್ವರದ ಸಂತೆಯಲ್ಲಿ ಬಳೆಗಾರನ ಹತ್ತಿರ ಒತ್ತೆಯಿಟ್ಟು ಮರೆತು ಬಂದಿದ್ದರು. "ಮೊನ್ನಿ ಆಮಿ ಅಂದಿದ್ರೆಲ್ಲ ಆಯಿ?" ಎಂದು ಮಕ್ಕಳು ಹಿಡಿದರೆ, "ಅದು ಮೊನ್ನಿನ ಮಾತು, ಇದು ಇವತ್ತಿಂದು" ಎನ್ನುತ್ತಿದ್ದರು. ಖರೆ ಏನೆಂದು ಮಾವನವರಿಗೂ ಗೊತ್ತಿರಲಿಲ್ಲ.

ನಾನು ಹುಕ್ಕೇರಿಯಿಂದ ಮೂಡಲಗಿಗೆ ಸೊಸೆಯಾಗಿ ಬಂದವಳು. ತವರಿನಲ್ಲಿ ಐದನೆಯ ಇಯತ್ತೆಯವರೆಗೆ ಕಲಿತಿದ್ದೆ. ಗಂಡನ ಮನೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅತ್ತೆಯವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಬಾಗಿಲಿಗೆ ಬಂದ ಯಾರನ್ನೂ ಅವರು ಒಂದು ಕತೆ ಹೇಳಿಸದೆ ಬಿಡುತ್ತಿರಲಿಲ್ಲ. ಗಾಡಿಯವರು, ಕಂಬಳಿ ಮಾರುವವರು, ಎಲ್ಲರಿಗೂ ಮೊದಲು ಮಜ್ಜಿಗೆ, ಆಮೇಲೆ "ನಿಮ್ಮೂರ ಕಡೆ ಏನ ವಿಶೇಷರಿ?"

ಮದುವೆಯಾದ ಮೂರನೆಯ ವರ್ಷ ನನ್ನ ಕೂಸು ಜ್ವರದಲ್ಲಿ ಹೋಯಿತು. ಗಂಡುಕೂಸು, ಇನ್ನೂ ಅಂಬೆಗಾಲು ಇಟ್ಟಿರಲಿಲ್ಲ. ನಾನು ಅಳಲಿಲ್ಲ. ಅಳು ಬರಲಿಲ್ಲ, ಅದರ ಜೊತೆಗೆ ಮಾತೂ ನಿಂತುಹೋಯಿತು. ಹಟ ಹಿಡಿದು ಸುಮ್ಮನಾದದ್ದಲ್ಲ. ಬಾಯಿ ತೆರೆದರೆ ದನಿಯೇ ಇರುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದೆ, ನೀರು ತರುತ್ತಿದ್ದೆ, ಕರೆದರೆ ಬಂದು ನಿಲ್ಲುತ್ತಿದ್ದೆ. ಅಷ್ಟೇ.

ಬೇಸಿಗೆ ಹತ್ತಿರ ಬಂದಾಗ ಗೋಕಾಕದಿಂದ ನಾದಿನಿ ಬಂದಳು. ನಾನು ಒಲೆಯ ಮುಂದೆ ಇರುವಾಗಲೇ ಪಡಸಾಲೆಯಲ್ಲಿ ಕುಳಿತು ಹೇಳಿದಳು, "ವೈನೀನ್ನ ತವರಿಗೆ ಕಳಸಿಬಿಡ್ರಿ. ಮೂಕಿ ಕೂಡ ಅಣ್ಣ ಎಷ್ಟ ದಿನ ಬಾಳೇ ಮಾಡ್ಯಾನು? ಇನ್ನೊಂದ ಹೆಣ್ಣ ನೋಡೂಣು."

ನಮ್ಮವರು ಕೆಮ್ಮಿದ್ದು ಕೇಳಿಸಿತು. ಆಮೇಲೆ ಅತ್ತೆಯವರ ದನಿ ಬಂತು.

"ಮ್ಯಾಳಿಗಿ ಮಣ್ಣ ತಗೀಬೇಕಾಗೇತಿ. ನನಗ ಕೈ ಬೇಕು. ಮಳಿಗಾಲ ಮುಗೀಲಿ, ಆಮ್ಯಾಲ ನೋಡೂಣು."

ಹೀಗೆ ಮಳೆಗಾಲ ಮುಗಿಯುವವರೆಗೆ ನನಗೆ ಆ ಮನೆಯಲ್ಲಿ ಜಾಗ ಉಳಿಯಿತು.

ಮಾಳಿಗೆಯ ಮೇಲಿನ ಹಳೆಯ ಮಣ್ಣು ಇಳಿಸಿದರು. ಹುಳು ಹಿಡಿದ ಜಂತೆಗಳನ್ನು ತೆಗೆದು ಹೊಸವು ಹಾಕಿದರು. ಹೊಸ ಮಣ್ಣು ಏರಿಸುವ ಮುಂಚೆ ಅತ್ತೆಯವರು ನಡುಮನೆಯಲ್ಲಿ, ಬೀಸುವ ಕಲ್ಲಿಗೆ ನೇರವಾಗಿ ಮೇಲಕ್ಕೆ ಬೆರಳು ತೋರಿಸಿ, "ಇಲ್ಲೊಂದ ಬೆಳಕಿಂಡಿ ಬಿಡ್ರಿ" ಎಂದರು. ಆ ಮನೆಯಲ್ಲಿ ಹಗಲಲ್ಲೂ ತಡವರಿಸಿಕೊಂಡೇ ಓಡಾಡಬೇಕಿತ್ತು.

ಮಾವನವರು ಸಿಟ್ಟಾದರು. "ಚಲೋ ಮ್ಯಾಳಿಗಿಗೆ ತೂತ ಹೊಡೀತಾರೇನ? ಮಳಿ ಬಂದ್ರ ನಡುಮನ್ಯಾಗ ಈಸಬೇಕಾಕ್ಕೈತಿ."

"ಈಸೂಣು ಬಿಡ್ರಿ. ನಿಮಗ ಹೊಳಿಗೆ ಹೋಗೂದರ ತಪ್ಪತೈತಿ."

ಕೆಲಸದವರು ನಕ್ಕುಬಿಟ್ಟರು. ಬೆಳಕಿಂಡಿ ಬಂತು.

ಅಷ್ಟರಲ್ಲಿ ಗೋಕಾಕದಲ್ಲಿ ಓದುತ್ತಿದ್ದ ನನ್ನ ಮೈದುನ ಸೂಟಿಗೆ ಮನೆಗೆ ಬಂದ. ಪುಸ್ತಕದ ಗಂಟನ್ನು ಮೂಲೆಗೆ ಒಗೆದು ಹೊಳೆಗೆ ಹೊರಟವನನ್ನು ಅತ್ತೆಯವರು ತಡೆದರು.

"ಇದ್ರಾಗ ಯಾರೂ ಸಾಯಲಾರದ ಪುಸ್ತಕ ಯಾವ್ದೋ?"

ಅವನು ಸ್ವಲ್ಪ ಯೋಚಿಸಿ, "ಭೂಗೋಳ ಯವ್ವಾ. ಅದ್ರಾಗ ಯಾರೂ ಹುಟ್ಟೂದೂ ಇಲ್ಲ" ಎಂದ.

"ಅದನ್ನ ಕೊಡು."

ನಾನು ಜೋಳ ಬೀಸುತ್ತ ಕುಳಿತಿದ್ದೆ. ಅತ್ತೆಯವರು ಬೆಳಕು ಬಿದ್ದಲ್ಲಿ ನನ್ನ ಎದುರಿಗೆ ಕುಳಿತು, ಪುಸ್ತಕ ಬಿಡಿಸಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ಮೂಡಲಗಿ ಅಂಬೋ ಪಟ್ಟಣದಾಗ ಏಳ ಸಮುದ್ರ ಅದಾವು. ಅದ್ರಾಗ ಒಂದ ನಮ್ಮ ಹಿತ್ತಲದಾಗೈತಿ. ಅಲ್ಲಿ ನಿಮ್ಮ ಮಾವಾರು ಪಟಗಾ ಸುತಗೊಂಡ ಈಸಾಕತ್ತಾರ. ಒಂದ ಮೀನ ಬಂದು ಏನ್ರಿ ಸಾವಕಾರ್ರ, ಈ ವರ್ಷ ಬೆಲ್ಲದ ಧಾರಣಿ ಹ್ಯಾಂಗೈತಿ ಅಂತ ಕೇಳ್ತೈತಿ."

"ತಲಿಕೆಳಗ ಹಿಡದೀರಿ."

ಯಾರು ಅಂದರು ಎಂದು ನಾನೇ ಬೆಚ್ಚಿ ನೋಡಿದೆ. ತುಕ್ಕು ಹಿಡಿದ ಅಗುಳಿ ಸರಿದಂತಿತ್ತು ನನ್ನ ದನಿ. ಅತ್ತೆಯವರು ಹಿಗ್ಗಲಿಲ್ಲ, ಯಾರನ್ನೂ ಕೂಗಿ ಕರೆಯಲಿಲ್ಲ. ಪುಸ್ತಕವನ್ನು ನನ್ನ ಕೈಗಿಟ್ಟರು.

"ಹಂಗಾರ ನೀನ ನೆಟ್ಟಗ ಹಿಡಿ. ಸರಿ ಅತ್ತಾಗ, ನಾ ಬೀಸತೀನಿ."

ಬೇಕೆಂದೇ ತಲೆಕೆಳಗೆ ಹಿಡಿದಿದ್ದರೋ ಇಲ್ಲವೋ ನಾನು ಎಂದೂ ಕೇಳಲಿಲ್ಲ. ಕೇಳಿದ್ದರೆ ಆ ಉಗುರಿನ ಹಾಗೆ ದಿನಕ್ಕೊಂದು ಉತ್ತರ ಸಿಗುತ್ತಿತ್ತು.

ಸೂಟಿಯ ಉದ್ದಕ್ಕೂ ಅವರು ಬೀಸಿದರು, ನಾನು ಓದಿದೆ. ಬಿಸಿಲಿನ ತುಂಡು ನೆಲದ ಮೇಲೆ ಸರಿದಂತೆ ನಾನೂ ಸರಿದು ಕೂರುತ್ತಿದ್ದೆ. ಮೊದಲಿಗೆ ಒಂದೆರಡು ಸಾಲಿಗೇ ದನಿ ನಿಲ್ಲುತ್ತಿತ್ತು. ನಾನು ನಿಂತರೆ ಅವರು ಕಲ್ಲು ನಿಲ್ಲಿಸಿ ಏನಾದರೊಂದು ಕೇಳುವರು. "ಸಮುದ್ರದ ನೀರ ಉಪ್ಪಂತಿ. ಹಂಗಾರ ಅಲ್ಲಿ ಮಂದಿ ಸಾರಿಗೆ ಉಪ್ಪ ಹಾಕಂಗಿಲ್ಲೇನ?" ಪುಸ್ತಕದಲ್ಲಿ ಅದಕ್ಕೆ ಉತ್ತರ ಇರುತ್ತಿರಲಿಲ್ಲ. ನಾನೇ ಯೋಚಿಸಿ ಹೇಳಬೇಕಾಗುತ್ತಿತ್ತು. ನಮ್ಮ ಘಟಪ್ರಭೆಗೆ ಅದರಲ್ಲಿ ಒಂದೇ ಸಾಲು ಎಂದು ತಿಳಿದಾಗ ಮಾತ್ರ ಅವರಿಗೆ ಬಹಳ ಬೇಸರವಾಯಿತು. "ಬರದಾವ ಇತ್ತಾಗ ಬಂದೇ ಇಲ್ಲ ತಗಿ" ಎಂದರು.

ಮಳೆ ಶುರುವಾಯಿತು. ಬೆಳಕಿಂಡಿಗೆ ಕಲ್ಲು ಮುಚ್ಚಿದರೆ ಕತ್ತಲೆ, ತೆರೆದರೆ ನೀರು. ಓದು ನಿಂತಿತು. ಎರಡು ದಿನ ನೋಡಿ ಅತ್ತೆಯವರು, "ಗಾಜ ತರೂಣು ನಡಿ" ಎಂದು ಗಾಡಿ ಕಟ್ಟಿಸಿದರು.

ಗೋಕಾಕದಲ್ಲಿ ಗಾಜು ಸಿಕ್ಕಿತು. ಬರುವಾಗ ಅದನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ತಬ್ಬಿ ಕುಳಿತರು. ಗಾಲಿ ತಗ್ಗಿಗೆ ಇಳಿದಾಗಲೆಲ್ಲ ಗಾಡಿಯವನಿಗೆ ಬೈಗುಳ. ದಾರಿಯಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಗಾಡಿಯ ಹತ್ತಿರ ಬಂದು ಇಣುಕಿದ.

"ಕೂಸಿಗೆ ಗಾಳಿ ಬಡದೀತ ಯವ್ವಾ, ಚಂದಂಗ ಹೊಚ್ಚಿಕೋರಿ. ಗಂಡೋ ಹೆಣ್ಣೋ?"

ಅತ್ತೆಯವರ ಬಾಯಿಗೆ ಎಂದೂ ಉತ್ತರ ತಪ್ಪಿದ್ದಿಲ್ಲ. ಅಂದು ತಪ್ಪಿತು. ನಾನು ಗಾಡಿಯ ಗೂಟ ಹಿಡಿದು ಅತ್ತುಬಿಟ್ಟೆ. ಕೂಸು ಹೋದ ಮೇಲೆ ಅತ್ತದ್ದು ಅದೇ ಮೊದಲು. ಗಾಬರಿಯಾದ ಮುದುಕ ರಸ್ತೆಯಲ್ಲೇ ನಿಂತ. ಗಾಡಿ ಮುಂದೆ ಹೋಯಿತು.

ಅತ್ತೆಯವರು ಗಾಜು ಬಿಡಲಿಲ್ಲ. ಹತ್ತಿರ ಸರಿದು ಭುಜಕ್ಕೆ ಭುಜ ತಾಗಿಸಿದರು.

"ಅಳು. ನನ್ನ ಎರಡೂ ಕೈ ಕೆಲಸದಾಗ ಅದಾವು. ನಿನ್ನ ಸಮಾಧಾನ ಮಾಡಾಕ ಆಗೂದಿಲ್ಲ."

ಮೂಡಲಗಿ ಮುಟ್ಟುವವರೆಗೂ ಅಳುತ್ತಲೇ ಇದ್ದೆ. ಯಾರೂ ಸಮಾಧಾನ ಮಾಡಲಿಲ್ಲ.

ದಸರೆಗೆ ನಾದಿನಿ ಬಂದಾಗ ನಾನೇ ಬಾಗಿಲಲ್ಲಿ ನಿಂತು, "ಬರ್ರಿ, ಕಾಲಿಗೆ ನೀರ ಕೊಡ್ಲೇನ್ರಿ?" ಎಂದೆ. ಅವಳು ತಾಯಿಯ ಮುಖ ನೋಡಿದಳು. ಅತ್ತೆಯವರು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು, ತಲೆ ಎತ್ತಲಿಲ್ಲ. ತವರಿಗೆ ಕಳಿಸುವ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ. ಮುಂದೆ ನನಗೆ ಎರಡು ಹೆಣ್ಣುಮಕ್ಕಳಾದವು. ಇಬ್ಬರಿಗೂ ಅತ್ತೆಯವರೇ ಹಟ ಹಿಡಿದು ಸಾಲೆ ಕಲಿಸಿದರು.

ಅತ್ತೆಯವರು ತೀರಿಕೊಂಡದ್ದು ಹೋದ ತಿಂಗಳು. ಬಹಳ ನರಳಲಿಲ್ಲ. ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದ್ದರು. ನಮ್ಮ ಕಡೆ ಹೆಣ್ಣುಮಕ್ಕಳು ಸತ್ತವರ ಗುಣಗಳನ್ನು ಹಾಡಿ ಹಾಡಿ ಅಳುತ್ತಾರೆ. ಆ ಹಾಡು ನನಗೆ ಯಾರೂ ಕಲಿಸಿರಲಿಲ್ಲ. ಆದರೂ ಅಂದು ಅವರ ಎದುರಿಗೆ ಕುಳಿತು ಶುರುಮಾಡಿದವಳು ನಿಲ್ಲಿಸಲಿಲ್ಲ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಆಚೆ ಓಣಿಯವರು ಎದ್ದು ಬಂದರಂತೆ. ಕೊನೆಗೆ ನಾದಿನಿ ಬಂದು ನನ್ನ ಹೆಗಲು ಹಿಡಿದಳು.

"ಸಾಕ ಬಿಡ್ರಿ ವೈನಿ, ದನಿ ಬಿದ್ದ ಹೋಗ್ತೈತಿ."

"ಬಿದ್ರ ಬೀಳಲಿ. ಅವರು ಎತ್ತಿದ ದನಿ ಐತಿ ಇದು."

ಮಣ್ಣು ಕೊಟ್ಟು ಬರುವಷ್ಟರಲ್ಲಿ ದನಿ ನಿಜವಾಗಿಯೂ ಬಿದ್ದಿತ್ತು. ಕೆಲವು ದಿನ ಕೈಸನ್ನೆಯಲ್ಲೇ ಮಾತಾಡಿದೆ. ಈ ಸಲ ಮನೆಯಲ್ಲಿ ಯಾರೂ ಹೆದರಲಿಲ್ಲ.